ವಾಂತಿ-ಭೇದಿ ಬಂದಾಗ ಹುಷಾರಾಗಿದ್ದವರನ್ನೂ ಕೇಳಬೇಕು

ಮೃಗಶಿರಾ ಮಳೆ ಹಿಡಿದಿತ್ತು. ಮಂಗಳವಾರ ಬೆಳಿಗ್ಗೆ ಏಳೂವರೆಗೆ ನಮ್ಮ ಆಶಾ ಕಾರ್ಯಕರ್ತೆಯ ಫೋನ್. "ಸರ್, ಕೆಳಕೇರಿಯಲ್ಲಿ ಒಂಬತ್ತು ಜನಕ್ಕೆ ವಾಂತಿ-ಭೇದಿ. ಭಾನುವಾರ ವೈಕುಂಠ ಸಮಾರಾಧನೆ ಊಟ ಇತ್ತಲ್ಲ, ಅದರದ್ದೇ ಅಂತಿದಾರೆ ಎಲ್ಲ."

ನಾನು ತೀರ್ಥಹಳ್ಳಿ ಕಡೆ ಆರೋಗ್ಯ ನಿರೀಕ್ಷಣಾಧಿಕಾರಿ. 2004ರಲ್ಲಿ ಶುರುವಾದ ರೋಗ ಕಣ್ಗಾವಲು ಯೋಜನೆಯಲ್ಲಿ ನಮಗೆ ಫಾರಂಗಳಿವೆ, ಈಗ ಅದೆಲ್ಲ ಮೊಬೈಲಿನಲ್ಲೇ ತುಂಬುತ್ತೇವೆ. ಆದರೆ ಯಾವ ಫಾರಂಗಿಂತಲೂ ಮೊದಲು ಬರುವುದು ಇಂಥ ಫೋನ್. ಓಆರ್‌ಎಸ್ ಪ್ಯಾಕೆಟ್, ನೀರಿಗೆ ಔಷಧದ ಹನಿ ಹಾಕಿ ಕ್ಲೋರಿನ್ ನೋಡುವ ಕ್ಲೋರೋಸ್ಕೋಪ್, ನೀರು ಪರೀಕ್ಷೆಯ ಬಾಟಲಿ, ಮಲದ ಮಾದರಿ ಹಾಕುವ ಕ್ಯಾರಿ-ಬ್ಲೇರ್ ಟ್ಯೂಬು, ಒಂದು ನೋಟ್‌ಬುಕ್ ಹಿಡಿದು ಹೊರಟೆ.

ನಾನು ಹೋಗುವಷ್ಟರಲ್ಲಿ ಊರು ತೀರ್ಮಾನ ಮಾಡಿಯಾಗಿತ್ತು. "ಪಾಯಸಕ್ಕೆ ಎಂತ ಹಾಕಿದ್ರೋ ಮಾರಾಯ್ರೇ" ಅಂತ ಅಡುಗೆ ಭಟ್ಟರ ಮೇಲೆ ಎಲ್ಲರ ಬಾಯಿ. ಸಾವಿನ ಮನೆಯವರು ತಲೆ ತಗ್ಗಿಸಿ ಕೂತಿದ್ದರು. ನೋಡಿ ಹೊಟ್ಟೆ ಚುರುಕ್ ಅಂದಿತು.

ಮೊದಲು ನಿತ್ರಾಣ ಆದವರನ್ನು ನೋಡಿದೆವು. ಒಂದು ಪ್ಯಾಕೆಟ್ ಓಆರ್‌ಎಸ್ ಪೂರ್ತಿ ಒಂದು ಲೀಟರ್ ನೀರಿಗೇ ಹಾಕಬೇಕು, ಲೋಟಕ್ಕೆ ಸ್ವಲ್ಪ ಸ್ವಲ್ಪ ಉದುರಿಸುವುದಲ್ಲ ಅಂತ ಮನೆಮನೆಗೂ ಹೇಳಿದ್ದಾಯಿತು. ಕಣ್ಣು ಗುಳಿ ಬಿದ್ದಿದ್ದ ಒಬ್ಬ ಅಜ್ಜಿಯನ್ನು ಆಂಬುಲೆನ್ಸಿನಲ್ಲಿ ಕಳಿಸಿ ಆಮೇಲೆ ನೋಟ್‌ಬುಕ್ ತೆರೆದೆ.

ಎಷ್ಟು ಗಂಟೆಗೆ ಶುರುವಾಯಿತು ಅಂತ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಡೈರಿಗೆ ಹಾಲು ಹಾಕಿ ಬಂದ ಮೇಲಾ, ಕೊನೇ ಬಸ್ಸು ಹೋಗಿತ್ತಾ, ಕರೆಂಟ್ ಇತ್ತಾ ಅಂತ ಕೇಳಿದರೆ ಸರಿಯಾಗಿ ಹೇಳುತ್ತಾರೆ. ಹಾಗೆ ಕೇಳುತ್ತಾ ಹೋದರೆ ಎಲ್ಲರದ್ದೂ ಸೋಮವಾರ ಸಂಜೆ ಮೇಲೆ ಶುರು. ಭಾನುವಾರ ಮಧ್ಯಾಹ್ನದ ಊಟಕ್ಕೂ ಇದಕ್ಕೂ ಹತ್ತಿರ ಹತ್ತಿರ ಮೂವತ್ತು ಗಂಟೆ. ಸ್ಟ್ಯಾಫಿಲೋಕಾಕಸ್ ಅನ್ನೋ ಬ್ಯಾಕ್ಟೀರಿಯಾದ ವಿಷವೋ, ಆರಿದ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್‌ನ ವಾಂತಿ ತರಿಸುವ ವಿಷವೋ ಆಗಿದ್ದರೆ ಸಾಮಾನ್ಯವಾಗಿ ಆರು ಗಂಟೆಯೊಳಗೇ ವಾಂತಿ ಶುರುವಾಗಬೇಕಿತ್ತು. ಆದರೆ ಊಟದಿಂದಲೇ ಬರುವ ಇನ್ನೊಂದು ಬ್ಯಾಕ್ಟೀರಿಯಾ ಸಾಲ್ಮೊನೆಲ್ಲಾ ಆದರೆ ಒಂದೆರಡು ದಿನ ಬಿಟ್ಟೂ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಬರೀ ಗಂಟೆ ಲೆಕ್ಕದಿಂದ ಭಟ್ಟರು ಪಾರಾಗುವ ಹಾಗಿರಲಿಲ್ಲ.

ಇಲ್ಲೇ ಬಹಳ ಜನ ತಪ್ಪುವುದು. ಕಾಯಿಲೆಯವರನ್ನು ಮಾತ್ರ ಕೇಳಿದರೆ ಎಲ್ಲರೂ ಊಟ ಮಾಡಿದವರೇ, ಯಾಕೆಂದರೆ ಊರಿಗೆ ಊರೇ ಊಟಕ್ಕೆ ಹೋಗಿರುತ್ತದೆ! ಹುಷಾರಾಗಿದ್ದವರನ್ನೂ ಅಷ್ಟೇ ಶ್ರದ್ಧೆಯಿಂದ ಕೇಳಬೇಕು. 1854ರಲ್ಲಿ ಲಂಡನ್ನಿನ ಸೋಹೋದಲ್ಲಿ ಕಾಲರಾ ಬಂದಾಗ ಜಾನ್ ಸ್ನೋ ಅನ್ನೋ ವೈದ್ಯರು ಮಾಡಿದ್ದೂ ಇದನ್ನೇ. ಅವರಿಗೆ ಅನುಮಾನ ಇದ್ದಿದ್ದು ಬೀದಿಯ ಒಂದು ನೀರಿನ ಪಂಪಿನ ಮೇಲೆ. ಅದರ ಪಕ್ಕದಲ್ಲೇ ಇದ್ದ ಬಿಯರ್ ಕಾರ್ಖಾನೆಯ ಕೆಲಸಗಾರರಿಗೆ ಯಾಕೆ ಏನೂ ಆಗಲಿಲ್ಲ ಅಂತ ಹೋಗಿ ವಿಚಾರಿಸಿದರು. ಅವರು ಆ ಪಂಪಿನ ನೀರನ್ನೇ ಕುಡಿಯುತ್ತಿರಲಿಲ್ಲ.

ಸಾವಿನ ಮನೆಯವರಿಂದ ನಂಬರ್ ಇಸ್ಕೊಂಡು ಸಾಗರ, ಹೊಸನಗರದಿಂದ ಊಟಕ್ಕೆ ಬಂದು ಹೋದ ನೆಂಟರಿಗೆಲ್ಲ ಫೋನ್ ಮಾಡಿದೆ. ಒಬ್ಬರಿಗೂ ಏನೂ ಆಗಿರಲಿಲ್ಲ. ಪಾಯಸ ಎರಡು ಸಲ ಬಡಿಸಿಕೊಂಡವರೂ ಆರಾಮಾಗಿದ್ದರು.

ಕೆಳಕೇರಿಯಲ್ಲಿ ಕೈಮುರಿದು ಮನೆಯಲ್ಲೇ ಇದ್ದ ಒಬ್ಬ ಹುಡುಗ, ಊಟಕ್ಕೆ ಹೋಗದಿದ್ದರೂ ಹತ್ತು ಸಲ ಭೇದಿ. ಅದೇ ಮನೆಯಲ್ಲಿ ಅವನ ಅಕ್ಕ ಬಾಣಂತಿ. ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ, ಇವಳೊಬ್ಬಳು ಗಟ್ಟಿಯಾಗಿದ್ದಾಳೆ. "ನೀನು ಏನು ಕುಡೀತೀಯಮ್ಮಾ?" ಅಂದೆ. ತಾಯಿ ಒಲೆ ಪಕ್ಕದ ಪಾತ್ರೆ ತೋರಿಸಿದರು. ಜೀರಿಗೆ ಹಾಕಿ ಕುದಿಸಿದ ನೀರು. ಬಾಣಂತಿಗೆ ಅದು ಬಿಟ್ಟು ಬೇರೆ ಕೊಡುವುದಿಲ್ಲ.

ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಮನೆಗಳನ್ನು ಎರಡು ಭಾಗ ಮಾಡಿದೆ. ಅಷ್ಟರಲ್ಲಿ ಕಾಯಿಲೆಯವರು 20 ಆಗಿದ್ದರು. ನಲ್ಲಿ ನೀರು ಕುಡಿಯುವ 46 ಜನರಲ್ಲಿ 19, ಅಂದರೆ ನೂರಕ್ಕೆ 41. ಸ್ವಂತ ಬಾವಿ ಇರುವ ಮನೆಗಳ 38 ಜನರಲ್ಲಿ ಒಬ್ಬನೇ, ಅವನೂ ಕೆಳಕೇರಿಯ ಅತ್ತೆ ಮನೆಗೆ ಆಡಲು ಹೋಗುವ ಹುಡುಗ. ಸಮಾರಾಧನೆ ಅಡುಗೆಗೂ ಮೇಲಿನ ಮನೆಯ ಬಾವಿಯ ನೀರೇ ಬಳಸಿದ್ದರು.

ನೀರುಗಂಟಿಯನ್ನು ಕರೆದುಕೊಂಡು ಟ್ಯಾಂಕ್ ಹತ್ತಿದೆ. ಅಲ್ಲಿನ ನೀರಿಗೆ ಹನಿ ಹಾಕಿದರೆ ಚೆನ್ನಾಗಿ ಹಳದಿ ಬಂತು, ಕ್ಲೋರಿನ್ ಇದೆ. ಅದೇ ನೀರನ್ನು ಕೆಳಕೇರಿಯ ಕೊನೇ ನಲ್ಲಿಯಲ್ಲಿ ಹಿಡಿದು ಹನಿ ಹಾಕಿದರೆ ಬಣ್ಣವೇ ಇಲ್ಲ. ಅಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಹಾಗಾದರೆ ಕೊಳೆ ಸೇರುತ್ತಿರುವುದು ದಾರಿಯಲ್ಲಿ, ಅಲ್ವಾ? ಮಳೆಯಲ್ಲೇ ಪೈಪ್ ಹಿಡಿದು ನಡೆದೆವು. ಚರಂಡಿ ದಾಟುವ ಕಡೆ ಜಾಯಿಂಟ್ ಬಿಟ್ಟಿತ್ತು, ಚರಂಡಿಗೆ ಒಂದು ಕಕ್ಕಸು ಗುಂಡಿಯ ನೀರೂ ಸೋರಿ ಬರುತ್ತಿತ್ತು. ಶನಿವಾರ ರಾತ್ರಿ ಗಾಳಿಮಳೆಗೆ ಹೋದ ಕರೆಂಟ್ ಬಂದಿದ್ದು ಭಾನುವಾರ ಸಂಜೆ. ಟ್ಯಾಂಕ್ ಬರಿದಾಗಿ ಪೈಪಿನಲ್ಲಿ ಒತ್ತಡ ಇಲ್ಲದಾಗ ಚರಂಡಿ ನೀರು ಒಳಗೆ ಸೇರಿದೆ, ನೀರು ಬಿಟ್ಟಾಗ ಅದೇ ಬಿಂದಿಗೆಗೆ ಬಂದಿದೆ.

ಪರೀಕ್ಷೆಯ ಬಾಟಲಿಯಲ್ಲಿ ಹಿಡಿದಿಟ್ಟ ನೀರು ಮಾರನೇ ದಿನ ಕಪ್ಪಗಾಯಿತು, ಅಂದರೆ ನೀರಿಗೆ ಮಲದ ಕೊಳೆ ಸೇರಿರುವ ಲಕ್ಷಣ. ಮಲದ ಮಾದರಿಯಲ್ಲಿ ಮಾತ್ರ ಏನೂ ಬೆಳೆಯಲಿಲ್ಲ. ಸುಮಾರು ಜನ ಆಗಲೇ ಅಂಗಡಿ ಮಾತ್ರೆ ನುಂಗಿದ್ದರು. ಯಾವ ರೋಗಾಣು ಅಂತ ಗೊತ್ತಾಗಲಿಲ್ಲ ಅನ್ನೋ ಬೇಸರ ನನಗೆ ಇವತ್ತಿಗೂ ಇದೆ. ಆದರೆ ಪೈಪ್ ಸರಿ ಮಾಡಲು ಅದಕ್ಕೆ ಕಾಯಬೇಕಾಗಿರಲಿಲ್ಲ. ಅವತ್ತೇ ವಾಲ್ವ್ ಬಂದ್ ಮಾಡಿಸಿ, ಟ್ಯಾಂಕರ್ ನೀರು ತರಿಸಿ, ಕುದಿಸಿ ಕುಡಿಯಿರಿ ಅಂತ ಮನೆಮನೆಗೆ ಹೇಳಿದೆವು. ಶುಕ್ರವಾರದ ಮೇಲೆ ಹೊಸಬರು ಯಾರೂ ಮಲಗಲಿಲ್ಲ. ಆದರೂ ಎರಡು ವಾರ ದಿನಾ ಹೋಗಿ ಕೊನೇ ನಲ್ಲಿಯ ನೀರಿಗೆ ಹನಿ ಹಾಕಿ ನೋಡಿದೆ.

ವಾಲ್ವ್ ಬಂದ್ ಮಾಡಿಸಿದ ಸಂಜೆಯೇ ನೋಟ್‌ಬುಕ್ ಹಿಡಿದು ಸಾವಿನ ಮನೆಗೆ ಹೋಗಿ, ಜಗಲಿಯಲ್ಲಿ ಎಲ್ಲರೆದುರು ಲೆಕ್ಕ ಓದಿ ಹೇಳಿದೆ. ಭಟ್ಟರನ್ನೂ ಕರೆಸಿದ್ದೆ. ಅವರು ಏನೂ ಮಾತಾಡಲಿಲ್ಲ, ಆ ಪುಟ ಇಸ್ಕೊಂಡು ಎರಡು ಸಲ ಓದಿದರು.