ಶಿಕ್ಕಾ ಹೊಡೆದು ಕೊಡ್ರಿ

2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಮುಗಿದ ಮೇಲೆ, ಹೊಸದಾಗಿ ಗೆದ್ದ ಸದಸ್ಯೆಯರ ಜೊತೆ ಕೆಲಸ ಮಾಡಲು ನಾನು ಕೊಪ್ಪಳ ಜಿಲ್ಲೆಯ ಹಳ್ಳಿಗಳಿಗೆ ಓಡಾಡತೊಡಗಿದೆ. ನಮ್ಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು. ಸುಮಾರು 400 ಜನಕ್ಕೆ ಒಬ್ಬರು ಸದಸ್ಯರು. ಆದರೆ ಮೊದಲ ದಿನ "ನಿಮ್ಮ ವಾರ್ಡಿಗೆ ಏನು ಬೇಕು?" ಎಂದು ಕೇಳಿದರೆ ಹೆಚ್ಚಿನವರು ಹೇಳಿದ್ದು ಒಂದೇ ಮಾತು: "ನಂಗೇನ್ ತಿಳಿತೈತ್ರೀ ಅಕ್ಕಾರ, ಮನ್ಯಾಗಿನವ್ರು ನೋಡ್ಕೋತಾರ."

ಇದು ಅಂಜಿಕೆ ಎಂದುಕೊಂಡೆ. ಅಂಜಿಕೆ ಬಿಡಿಸಲು ಅಣಕು ಸಭೆ ಮಾಡಿಸಿದೆ, ಮೈಕು ಹಿಡಿಸಿದೆ, ಪಂಚಾಯಿತಿಗಳಿಗೆ ಬಲ ಕೊಟ್ಟ ಸಂವಿಧಾನದ 73ನೇ ತಿದ್ದುಪಡಿ ವಿವರಿಸಿದೆ. ತರಬೇತಿಯ ಹಾಲ್‌ನಲ್ಲಿ ಚೆನ್ನಾಗಿಯೇ ಮಾತಾಡಿದರು. ಹದಿನೈದು ದಿನ ಬಿಟ್ಟು ನಿಜವಾದ ಸಾಮಾನ್ಯ ಸಭೆ ನಡೆದಾಗ ಅದೇ ಹೆಣ್ಣುಮಕ್ಕಳು ಸೆರಗು ಹೊದ್ದು ಗೋಡೆಗೆ ಒರಗಿ ಕೂತಿದ್ದರು. ನಡಾವಳಿ ಪುಸ್ತಕ ಮುಂದೆ ಬಂತು, ಸಹಿ ಹಾಕಿದರು, ಎದ್ದರು. ಮಾತು ಕಲಿಸಿದ್ದೆ, ಆಡಲು ಅವರ ಕೈಯಲ್ಲಿ ವಿಷಯವೇ ಇರಲಿಲ್ಲ.

ಆಮೇಲೆ ಹಾಲ್ ಬಿಟ್ಟು ವಾರ್ಡಿನಲ್ಲಿ ಅವರ ಜೊತೆ ನಡೆಯತೊಡಗಿದೆ. ಒಬ್ಬ ಸದಸ್ಯೆ ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ನಿಂತುಬಿಟ್ಟಳು. ಬೀಗ ಹಾಕಿತ್ತು. ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಬರುತ್ತಿದ್ದ ಘಟಕ ಅದು. ಆ ಸೀಮೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ದೊಡ್ಡವರ ಮೊಣಕಾಲು ಬಿಗಿಯುತ್ತದೆ. ಘಟಕ ನಿಂತ ಮೇಲೆ ಆಕೆಯೇ ಪಕ್ಕದ ಊರಿನಿಂದ ಕೊಡ ಹೊತ್ತು ತರುತ್ತಿದ್ದಳು. ಸದಸ್ಯೆಯಾಗಿ ತಾನು ಇದನ್ನು ಕೇಳಬಹುದು ಎಂಬುದು ಮಾತ್ರ ಹೊಳೆದಿರಲಿಲ್ಲ.

"ಸಭೆ ಸುದ್ದಿ ಬಿಡು. ಈ ವಾರ ಮೂರೇ ಸಂಗತಿ ತಿಳ್ಕೊಂಡು ಬಾ. ಎಂದು ನಿಂತಿತು, ಕೀಲಿ ಯಾರ ಹತ್ತಿರ ಇದೆ, ಏನು ಕೆಟ್ಟಿದೆ," ಎಂದೆ. ಆಕೆಗೆ ಓದು ಬರಹ ಅಷ್ಟಕ್ಕಷ್ಟೆ. ಎಂಟನೇ ಇಯತ್ತೆಯ ಮಗಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು: ನೀರು ಸೋಸುವ ಮೆಂಬ್ರೇನ್ ಕಟ್ಟಿಕೊಂಡಿದೆ, ಹಳೇ ಬಿಲ್ ಆಗದೆ ಮೆಕ್ಯಾನಿಕ್ ಬರುತ್ತಿಲ್ಲ. ಕೆಳಗೆ, ನಾನು ಹೇಳದೇ ಇದ್ದ ನಾಲ್ಕನೇ ಸಂಗತಿಯೂ ಇತ್ತು: ನೀರು ತರಲು ಹೊರಗೆ ಹೋಗುವ ಮನೆಗಳ ಪಟ್ಟಿ. ಅದನ್ನು ನೋಡಿ ನನಗೆ ಕಣ್ಣು ತುಂಬಿ ಬಂತು.

ಅರ್ಜಿ ಎರಡು ಪ್ರತಿ ಮಾಡಿಸಿ ಪಂಚಾಯಿತಿ ಕಚೇರಿಗೆ ಹೋದೆವು. ಮೇಜಿನ ಆಚೆ ಇದ್ದವರು ಓದದೆಯೇ, "ಇಟ್ಟು ಹೋಗ್ರಿ, ನಿಮ್ಮ ಯಜಮಾನ್ರು ಬಂದಾಗ ಮಾತಾಡ್ತೀನಿ" ಎಂದರು. ನನ್ನ ನಾಲಿಗೆ ತುದಿಗೆ ಮಾತು ಬಂದಿತ್ತು. ನುಂಗಿಕೊಂಡೆ. ನನ್ನ ಕೆಲಸದಲ್ಲಿ ಅದಕ್ಕಿಂತ ಕಷ್ಟದ ಗಳಿಗೆ ಇನ್ನೊಂದಿಲ್ಲ. ಆಕೆ ಎರಡನೇ ಪ್ರತಿಯನ್ನು ಮೇಜಿನ ಮೇಲಿಟ್ಟು, ಅದರ ಅಂಚನ್ನು ಬೆರಳಿನಿಂದ ನೇರ ಮಾಡುತ್ತಾ ನಿಂತಳು. ಫ್ಯಾನ್ ಗಾಳಿಗೆ ಹಾಳೆ ಹಾರದಂತೆ ಅಂಗೈ ಒತ್ತಿ ಹಿಡಿದಿದ್ದಳು. ಕೊನೆಗೆ, "ಮೆಂಬರ್ ನಾನ ಅದೀನ್ರಿ. ಇದರ ಮ್ಯಾಲ ಶಿಕ್ಕಾ ಹೊಡೆದು ಕೊಡ್ರಿ" ಎಂದಳು. ಅರ್ಜಿ ತಲುಪಿತೆಂಬ ಗುರುತಿಗೆ ಕಚೇರಿಯ ಶಿಕ್ಕಾ, ಅಂದರೆ ಮೊಹರು, ಬಿತ್ತು, ತಾರೀಕು ಬಿತ್ತು.

ಇದಕ್ಕೂ ಮೊದಲು ಬೇರೊಂದು ಊರಿನಲ್ಲಿ ಅವಸರಪಟ್ಟು ಅರ್ಜಿ ನಾನೇ ಬರೆದು, ನಾನೇ ಕೊಟ್ಟಿದ್ದೆ. ಕೆಲಸವೇನೋ ಆಯಿತು. ಆದರೆ ಆ ಸದಸ್ಯೆ ಮುಂದೆ ಯಾವುದಕ್ಕೂ ನನಗೇ ಫೋನ್ ಮಾಡತೊಡಗಿದಳು. ಗಂಡನ ಜಾಗದಲ್ಲಿ ನಾನು ಹೋಗಿ ಕೂತಿದ್ದೆ. ಆ ತಪ್ಪು ಇವತ್ತಿಗೂ ಚುಚ್ಚುತ್ತದೆ.

ಸಾಮಾನ್ಯ ಸಭೆಗೆ ಏಳು ದಿನ ಮುಂಚೆ ನೋಟಿಸ್ ಕೊಡಬೇಕೆಂದು ಕಾಯ್ದೆಯಲ್ಲಿದೆ. ನೀರಿನ ಘಟಕದ ಸದಸ್ಯೆಗೆ ಬರಬೇಕಾದ ನೋಟಿಸ್ ಅಲ್ಲಿಯವರೆಗೆ ಗಂಡನ ಕೈಗೆ ಹೋಗುತ್ತಿತ್ತು. ಇನ್ನು ಮೇಲೆ ತನ್ನ ಕೈಗೇ ಕೊಡಬೇಕು ಎಂದು ಆಕೆ ನೀರಗಂಟಿಗೆ ಹೇಳಿದಳು. ಗಂಡನ ಜೊತೆ ನಾನು ಜಗಳಕ್ಕೆ ಹೋಗಲಿಲ್ಲ. ನಾವು ಊರು ಬಿಟ್ಟ ಮೇಲೂ ಅವರಿಬ್ಬರೂ ಒಂದೇ ಮನೆಯಲ್ಲಿ ಬಾಳಬೇಕು. ತಾಲ್ಲೂಕಿಗೆ ಹೋಗಿ ಮೆಂಬ್ರೇನಿನ ಬೆಲೆ ವಿಚಾರಿಸಿಕೊಂಡು ಬಾ ಎಂದು ಆಕೆ ಕೇಳಿದಳು, ಆತ ಹೋಗಿ ಬಂದ.

ಮೊದಲ ಸಭೆಯಲ್ಲಿ ಎರಡೇ ವಾಕ್ಯ ಆಡಿದಳು, ವಿಷಯ ಮುಂದೂಡಿದರು. ಎರಡನೇ ಸಭೆಗೆ ಶಿಕ್ಕಾ ಬಿದ್ದ ಹಾಳೆ ಹಿಡಿದು ಹೋದಳು. ಠರಾವು ಆಯಿತು. ಘಟಕ ಶುರುವಾಗಲು ಮತ್ತೂ ಎರಡು ತಿಂಗಳು ಹಿಡಿಯಿತು.

ಮುಂದೊಮ್ಮೆ ಹೋದಾಗ ಅದೇ ಮೇಜಿನ ಮುಂದೆ ಪಕ್ಕದ ವಾರ್ಡಿನ ಸದಸ್ಯೆ ಚರಂಡಿಯ ಅರ್ಜಿ ಹಿಡಿದು ನಿಂತಿದ್ದಳು. ನಮ್ಮಾಕೆ ಒಂದು ಹೆಜ್ಜೆ ಹಿಂದೆ, ಬಾಗಿಲ ಚೌಕಟ್ಟಿಗೆ ಒರಗಿ, ಬಾಯಿ ಬಿಗಿಹಿಡಿದು ನಿಂತಿದ್ದಳು.