ಆನ್‌ಫೀಲ್ಡ್‌ಗೆ ಹಾಸ್ಪಿಟಾಲಿಟಿ ಟಿಕೆಟ್: ಮೊದಲು ಸೀಟು ನೋಡಿ, ಊಟ ಆಮೇಲೆ

ಇಂಗ್ಲೆಂಡಿನ ಲಿವರ್‌ಪೂಲ್ ಫುಟ್‌ಬಾಲ್ ತಂಡ ಆಡುವುದನ್ನು ಅದರ ಸ್ವಂತ ಮೈದಾನ ಆನ್‌ಫೀಲ್ಡ್‌ನಲ್ಲೇ ಕೂತು ನೋಡಬೇಕು ಅಂತ ಆಸೆ ಇಟ್ಟುಕೊಂಡವರಿಗೆ ಮೊದಲ ಏಟು ಬೀಳುವುದು ಟಿಕೆಟ್ ಹುಡುಕುವಾಗ. ವಿಮಾನ ಸಿಗುತ್ತದೆ, ಹೋಟೆಲ್ ಸಿಗುತ್ತದೆ, ಟಿಕೆಟ್ ಮಾತ್ರ ಸಿಗುವುದಿಲ್ಲ. ಈಗ ಅಲ್ಲಿ 61 ಸಾವಿರ ಜನ ಕೂರುತ್ತಾರೆ, ಆದರೂ ಸಾಲದು. ಸೀಸನ್ ಟಿಕೆಟ್ ಇರುವವರು ಅದನ್ನು ಪ್ರಾಣ ಹೋದರೂ ಬಿಡುವುದಿಲ್ಲ, ಉಳಿದ ಸೀಟಿಗೆ ಕ್ಲಬ್ಬಿನ ಮೆಂಬರ್ ಆಗಿ ಲಾಟರಿಗೆ ಹೆಸರು ಹಾಕಬೇಕು, ಹೆಸರು ಬಂದರೂ ಅದು ನಿಮ್ಮ ರಜೆಯ ವಾರಕ್ಕೇ ಬರಬೇಕಲ್ವಾ? ಆಮೇಲೆ ಉಳಿಯುವ ದಾರಿ ಹಾಸ್ಪಿಟಾಲಿಟಿ. ದುಬಾರಿ, ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ನಾನು ಒಂದು ಸಲ ಹೋಗಿ ಬಂದೆ, ಆಮೇಲೆ ನಾಲ್ಕೈದು ಸ್ನೇಹಿತರಿಗೆ ಬುಕ್ ಮಾಡಲು ಜೊತೆಗೆ ಕೂತೆ, ಒಬ್ಬ ಮೋಸ ಹೋದದ್ದನ್ನೂ ಹತ್ತಿರದಿಂದ ನೋಡಿದೆ. ಅಷ್ಟರಲ್ಲಿ ಕಲಿತದ್ದು ಇಲ್ಲಿದೆ.

ಹಾಸ್ಪಿಟಾಲಿಟಿ ಅಂದರೆ ಒಂದು ಒಳ್ಳೆಯ ಸೀಟು, ಅದರ ಜೊತೆಗೆ ಪಂದ್ಯದ ಮುಂಚೆ, ನಡುವೆ, ಆಮೇಲೆ ಬೆಚ್ಚಗೆ ಕೂರಲು ಒಂದು ಲೌಂಜ್. ಇದರಲ್ಲೂ ತರಾವರಿ ಇದೆ. ಎಲ್ಲಕ್ಕಿಂತ ಮೇಲೆ ಬಾಕ್ಸ್, ಅಂದರೆ ಒಂದು ಗುಂಪಿಗೇ ಸ್ವಂತ ಕೋಣೆ. ಇದು ಕಂಪನಿಗಳ ಆಟ, ನಮ್ಮದಲ್ಲ. ಅದರ ಕೆಳಗೆ ಟೇಬಲ್ ಹಾಕಿ, ಬಿಳಿ ಬಟ್ಟೆ ಹಾಸಿ, ಮೂರು ಬಾರಿ ಬಡಿಸುವ ಲೌಂಜ್. ಅದರ ಕೆಳಗೆ ನಿಂತುಕೊಂಡೋ ಸ್ಟೂಲ್ ಮೇಲೆ ಕೂತೋ ತಿನ್ನುವ ಬಾರ್ ಥರದ ಜಾಗ. ಹೊರಗಿನಿಂದ ಬಂದವರಿಗೆ ಈ ಮೂರನೆಯದೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ನೀವು ದುಡ್ಡು ಕೊಡುತ್ತಿರುವುದು ಊಟಕ್ಕಲ್ಲ, ಖಾತ್ರಿಯಾದ ಒಂದು ಸೀಟಿಗೆ. ಇದನ್ನು ಮರೆತವರು ಮೆನು ನೋಡುತ್ತಾ ಮೈಮರೆತು, ಕೊನೆಗೆ ಮೂಲೆಯ ಸೀಟಿನಲ್ಲಿ ಕೂರುತ್ತಾರೆ.

ಹಾಗಾಗಿ ಸೀಟಿನ ಮಾತು ಮೊದಲು. ಆನ್‌ಫೀಲ್ಡ್‌ಗೆ ನಾಲ್ಕು ಬದಿ. ಗೋಲಿನ ಹಿಂದೆ ಒಂದು ಕಡೆ ಕಾಪ್, ಇನ್ನೊಂದು ಕಡೆ ಆನ್‌ಫೀಲ್ಡ್ ರೋಡ್ ಎಂಡ್. ಉದ್ದನೆಯ ಬದಿಗಳಲ್ಲಿ ಮೇನ್ ಸ್ಟ್ಯಾಂಡ್, ಅದರ ಎದುರಿಗೆ ಕೆನ್ನಿ ಡಾಲ್ಗ್ಲಿಶ್ ಸ್ಟ್ಯಾಂಡ್. ಟಿವಿ ಕ್ಯಾಮೆರಾ ಇರುವುದು ಮೇನ್ ಸ್ಟ್ಯಾಂಡ್‌ನಲ್ಲಿ, ಆದ್ದರಿಂದ ಅಲ್ಲಿ ಕೂತರೆ ನೀವು ವರ್ಷಗಟ್ಟಲೆ ಮನೆಯಲ್ಲಿ ನೋಡಿದ ನೋಟವೇ ಕಣ್ಣ ಮುಂದೆ ಬರುತ್ತದೆ. ಕಾಪ್ ಬಲಗಡೆ. ಲಿವರ್‌ಪೂಲ್‌ಗೆ ಸಾಧ್ಯವಾದರೆ ದ್ವಿತೀಯಾರ್ಧದಲ್ಲಿ ಕಾಪ್ ಕಡೆಗೆ ದಾಳಿ ಮಾಡುವುದು ಇಷ್ಟ, ಹಾಗಾಗಿ ಆ ಬಲಗಡೆಯ ಬ್ಲಾಕ್ ಸಿಕ್ಕರೆ ಪಂದ್ಯ ಬಿಸಿಯಾಗುವ ಹೊತ್ತಿಗೆ ಗೋಲು ನಿಮ್ಮ ಹತ್ತಿರವೇ ಇರುತ್ತದೆ. ಮೇನ್ ಸ್ಟ್ಯಾಂಡ್ 2016ರಲ್ಲಿ ದೊಡ್ಡದಾದ ಮೇಲೆ ಮೇಲಂತಸ್ತು ತುಂಬಾ ಎತ್ತರ. ಆಟದ ವಿನ್ಯಾಸ ಅಂಗೈಯಲ್ಲಿ ಇಟ್ಟ ಹಾಗೆ ಕಾಣುತ್ತದೆ, ಆಟಗಾರರ ಮುಖ ಕಾಣುವುದಿಲ್ಲ. ನಿಮಗೆ ಯಾವುದು ಬೇಕು ಅಂತ ಮೊದಲೇ ತೀರ್ಮಾನ ಮಾಡಿ. ಬುಕ್ ಮಾಡುವ ಮುಂಚೆ ಲೌಂಜ್ ಎಲ್ಲಿದೆ ಅನ್ನುವುದಷ್ಟೇ ಅಲ್ಲ, ಸೀಟು ಯಾವ ಬ್ಲಾಕ್, ಕೆಳಗೋ ಮೇಲೋ ಅಂತ ಕೇಳಿ ಬರಹದಲ್ಲಿ ಉತ್ತರ ತಗೊಳ್ಳಿ.

ಕಾಪ್ ಹೆಸರಿನ ಕಥೆ ಗೊತ್ತಾ? ದಕ್ಷಿಣ ಆಫ್ರಿಕಾದ ಸ್ಪಿಯೋನ್ ಕಾಪ್ ಅನ್ನುವ ಬೆಟ್ಟದಲ್ಲಿ 1900ರ ಜನವರಿಯಲ್ಲಿ, ಬ್ರಿಟಿಷರಿಗೂ ಅಲ್ಲಿನ ಡಚ್ ಮೂಲದ ಬೋಯರರಿಗೂ ನಡೆದ ಬೋಯರ್ ಯುದ್ಧದ ದೊಡ್ಡ ಕಾಳಗ ನಡೆಯಿತು. ಲಿವರ್‌ಪೂಲ್ ಕಡೆಯ ಎಷ್ಟೋ ಹುಡುಗರು ಅಲ್ಲಿ ಸತ್ತರು, 1906ರಲ್ಲಿ ಈ ಇಳಿಜಾರು ಸ್ಟ್ಯಾಂಡ್‌ಗೆ ಅದೇ ಹೆಸರು ಬಂತು. ಅದೇ ಕಾಳಗದಲ್ಲಿ ಗಾಯಗೊಂಡವರನ್ನು ಹೊತ್ತು ಸಾಗಿಸಿದ ಭಾರತೀಯರ ಆಂಬ್ಯುಲೆನ್ಸ್ ತಂಡದಲ್ಲಿ ಗಾಂಧಿಯೂ ಇದ್ದರು. ಇಂಗ್ಲೆಂಡಿನ ಫುಟ್‌ಬಾಲ್ ಸ್ಟ್ಯಾಂಡ್‌ಗೂ ನಮ್ಮ ಬಾಪೂಗೂ ಹೀಗೊಂದು ನಂಟು!

ಇನ್ನು ದುಡ್ಡು. ದೊಡ್ಡವರ ಸಾಮಾನ್ಯ ಟಿಕೆಟ್ 40ರಿಂದ 60 ಪೌಂಡ್ ಆಸುಪಾಸು. ಹಾಸ್ಪಿಟಾಲಿಟಿ ಅದರ ಹಲವು ಪಟ್ಟು, ಎದುರಾಳಿ ಯಾರು ಅನ್ನುವುದರ ಮೇಲೆ ಏರುತ್ತದೆ, ಇಳಿಯುತ್ತದೆ. ಹಳೆಯ ಎದುರಾಳಿಗಳಾದ ಮ್ಯಾಂಚೆಸ್ಟರ್ ಯುನೈಟೆಡ್ ಅಥವಾ ಎವರ್ಟನ್ ಬರುವ ದಿನ ಆ ಬೆಲೆ ನೋಡಿದರೆ ತಲೆ ತಿರುಗುತ್ತದೆ. ಲೀಗಿನ ಅಂಕಪಟ್ಟಿಯಲ್ಲಿ ಮಧ್ಯದಲ್ಲೋ ಕೆಳಗೋ ಇರುವ ತಂಡದ ಪಂದ್ಯ ಆರಿಸಿ, ಅದೇ ಸೀಟು, ಪಂದ್ಯದ ಮುಂಚೆ ಅಭಿಮಾನಿಗಳೆಲ್ಲ ಸೇರಿ ಹಾಡುವ ಅದೇ ಹಾಡು, ಗೋಲು ಇನ್ನೂ ಜಾಸ್ತಿ ಬೀಳುವ ಸಾಧ್ಯತೆ. ಬೆಲೆ ಓದುವಾಗ ಒಂದು ಸಣ್ಣ ಪದದ ಮೇಲೆ ಕಣ್ಣಿರಲಿ, ವ್ಯಾಟ್. ಅಲ್ಲಿ ವ್ಯಾಟ್ ಶೇಕಡಾ 20. ಕಂಪನಿಗಳಿಗೆ ಮಾರುವ ಪ್ಯಾಕೇಜ್‌ಗಳಲ್ಲಿ ವ್ಯಾಟ್ ಸೇರಿಸದ ಬೆಲೆಯನ್ನೇ ದೊಡ್ಡದಾಗಿ ಬರೆದಿರುತ್ತಾರೆ. 400 ಅಂತ ನೋಡಿ ಖುಷಿಪಟ್ಟರೆ ಕೊನೆಯ ಪುಟದಲ್ಲಿ 480 ಆಗಿರುತ್ತದೆ. ಅದರ ಮೇಲೆ ನಮ್ಮ ಬ್ಯಾಂಕಿನ ವಿದೇಶಿ ವಿನಿಮಯದ ಶುಲ್ಕ ಬೇರೆ.

ಕಾರ್ಡಿನ ಕಥೆಯೂ ಇಲ್ಲೇ ಹೇಳಿಬಿಡುತ್ತೇನೆ. 2020ರಿಂದ ಭಾರತದಲ್ಲಿ ಕೊಡುವ ಹೊಸ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ಮೊದಲಿಗೆ ಬಂದ್ ಆಗಿಯೇ ಇರುತ್ತದೆ, ನಾವೇ ಬ್ಯಾಂಕಿನ ಆ್ಯಪ್‌ನಲ್ಲಿ ಆನ್ ಮಾಡಿಕೊಳ್ಳಬೇಕು. ಮಿತಿಯನ್ನೂ ಏರಿಸಿಕೊಳ್ಳಿ. ನೀವು ಆರಿಸಿದ ಸೀಟು ವೆಬ್‌ಸೈಟಿನ ಬುಟ್ಟಿಯಲ್ಲಿ ಕೆಲವೇ ನಿಮಿಷ ಇರುತ್ತದೆ, ನಾನು ಮೊದಲ ಸಲ ಕೂತಾಗ ಗಡಿಯಾರ ಇಳಿಯುತ್ತಿದೆ, ಕಾರ್ಡ್ ಒಪ್ಪುತ್ತಿಲ್ಲ, ಆ್ಯಪ್ ಪಾಸ್‌ವರ್ಡ್ ಮರೆತಿದೆ, ಹೆಂಡತಿ ಒಳಗಿನಿಂದ ಇನ್ನೊಂದು ಕಾರ್ಡ್ ಹುಡುಕಿ ತರುವಷ್ಟರಲ್ಲಿ ಎರಡು ಸೀಟೂ ಮಾಯ.

ಎಲ್ಲಿ ಕೊಳ್ಳಬೇಕು ಅನ್ನುವುದಕ್ಕೆ ಉತ್ತರ ಚಿಕ್ಕದು: ಕ್ಲಬ್ಬಿನ ಸ್ವಂತ ವೆಬ್‌ಸೈಟಿನಲ್ಲಿ, ಇಲ್ಲವೇ ಅದೇ ವೆಬ್‌ಸೈಟಿನಲ್ಲಿ ಅಧಿಕೃತ ಮಾರಾಟಗಾರರು ಅಂತ ಹೆಸರು ಇರುವವರ ಹತ್ತಿರ. ಮಾರುವವನ ವೆಬ್‌ಸೈಟಿನಲ್ಲಿ ಕ್ಲಬ್ಬಿನ ಲಾಂಛನ ಇದ್ದರೆ ಸಾಲದು, ಕ್ಲಬ್ಬಿನ ಪುಟದಲ್ಲಿ ಮಾರುವವನ ಹೆಸರು ಇರಬೇಕು. ನನ್ನ ಸ್ನೇಹಿತ ಉಲ್ಟಾ ನೋಡಿದ. ಅರ್ಧ ಬೆಲೆಗೆ ಹಾಸ್ಪಿಟಾಲಿಟಿ ಸಿಕ್ಕಿತು ಅಂತ ಕುಣಿದ. ಅಲ್ಲಿಗೆ ಹೋದಾಗ ಅವನಿಗೆ ಸಿಕ್ಕಿದ ಊಟ ಸ್ಟೇಡಿಯಂನಿಂದ ಒಂದು ಮೈಲಿ ದೂರದ ಪಬ್‌ನಲ್ಲಿ, ಟಿಕೆಟ್ ಅಂತ ಕೊಟ್ಟದ್ದು ಯಾರದ್ದೋ ಅಪರಿಚಿತರ ಮೆಂಬರ್ ಪಾಸ್ ಇರುವ ಒಂದು ಫೋನ್, ಪಂದ್ಯ ಮುಗಿದ ಮೇಲೆ ವಾಪಸ್ ತಂದುಕೊಡಬೇಕು ಅಂತ ಬೇರೆ ಹೇಳಿದರಂತೆ. ಗೇಟಿನಲ್ಲಿ ಹೆಸರು ಕೇಳಿದ್ದರೆ ಮುಗಿದೇ ಹೋಗಿತ್ತು. ಇವನ ಪುಣ್ಯ, ಕೇಳಲಿಲ್ಲ, ಆದರೆ ತೊಂಬತ್ತು ನಿಮಿಷ ಆ ಫೋನನ್ನು ಎದೆಗೆ ಒತ್ತಿಕೊಂಡೇ ಕೂತಿದ್ದನಂತೆ. ಇನ್ನೊಂದು ವಿಷಯ. ಫುಟ್‌ಬಾಲ್ ಟಿಕೆಟ್‌ಗಳನ್ನು ಅನುಮತಿ ಇಲ್ಲದೆ ಮರುಮಾರಾಟ ಮಾಡುವುದು ಇಂಗ್ಲೆಂಡಿನಲ್ಲಿ 1994ರ ಕಾಯ್ದೆಯ ಪ್ರಕಾರ ಅಪರಾಧ. ಸಂಗೀತ ಕಾರ್ಯಕ್ರಮದ ಟಿಕೆಟ್‌ಗೆ ಈ ಕಾನೂನಿಲ್ಲ. ಎರಡು ಕಡೆಯ ಅಭಿಮಾನಿಗಳು ಬೆರೆತು ಗಲಾಟೆ ಆಗಬಾರದು ಅನ್ನುವುದೇ ಇದರ ಹಿಂದಿನ ಕಾರಣ. ಅದೇ ಕಾರಣಕ್ಕೆ ಎದುರಾಳಿ ತಂಡದ ಬಣ್ಣ ತೊಟ್ಟು ಮನೆ ತಂಡದ ಲೌಂಜ್‌ಗೆ ಹೋದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ. ನೀವು ಆರ್ಸೆನಲ್ ಅಭಿಮಾನಿಯಾದರೆ ಬಾಯಿ ಹೊಲಿದುಕೊಂಡು ಕೂರಬೇಕಾಗುತ್ತದೆ.

ಯಾವಾಗ ಬುಕ್ ಮಾಡುವುದು? ಪ್ರೀಮಿಯರ್ ಲೀಗ್ ವೇಳಾಪಟ್ಟಿ ಸಾಮಾನ್ಯವಾಗಿ ಜೂನ್‌ನಲ್ಲಿ ಬರುತ್ತದೆ, ಒಳ್ಳೆಯ ಸೀಟು ಬೇಗ ಖಾಲಿ. ಆದರೆ ಆ ಪಟ್ಟಿಯಲ್ಲಿರುವ ದಿನಾಂಕವನ್ನು ಕಲ್ಲಿನ ಮೇಲೆ ಬರೆದದ್ದು ಅಂದುಕೊಳ್ಳಬೇಡಿ. ಶುರುವಿನಲ್ಲಿ ಹೆಚ್ಚಿನವು ಶನಿವಾರ ಮಧ್ಯಾಹ್ನ 3 ಗಂಟೆ ಅಂತಲೇ ಇರುತ್ತವೆ. ಆಮೇಲೆ ಟಿವಿಯವರು ಆರಿಸಿಕೊಂಡು ಶನಿವಾರ ಸಂಜೆಗೋ, ಭಾನುವಾರಕ್ಕೋ, ಕೆಲವೊಮ್ಮೆ ಸೋಮವಾರ ರಾತ್ರಿಗೋ ತಳ್ಳುತ್ತಾರೆ. ಲಿವರ್‌ಪೂಲ್ ಅಂಥ ತಂಡಕ್ಕೆ ಇದು ಪ್ರತಿ ವಾರದ ಕಥೆ. ದಿನ ಬದಲಾದರೆ ನಿಮ್ಮ ಟಿಕೆಟ್ ಸಾಮಾನ್ಯವಾಗಿ ಹೊಸ ದಿನಕ್ಕೇ ನಡೆಯುತ್ತದೆ, ಹಣ ವಾಪಸ್ ಬರುವುದಿಲ್ಲ, ವಿಮಾನವಂತೂ ನಿಮಗೋಸ್ಕರ ಕಾಯುವುದಿಲ್ಲ. ಶುಕ್ರವಾರ ತಲುಪಿ ಮಂಗಳವಾರ ಹೊರಡುವ ಹಾಗೆ ಇಟ್ಟುಕೊಳ್ಳಿ. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಮತ್ತು ಮಾರ್ಚ್‌ನಲ್ಲಿ ದೇಶ ದೇಶಗಳ ನಡುವಿನ ಪಂದ್ಯಗಳಿಗಾಗಿ ಲೀಗ್ ಆಗಾಗ ನಿಲ್ಲುತ್ತದೆ. ಮಕ್ಕಳ ದಸರಾ ರಜೆ ನೋಡಿಕೊಂಡು ಹೊರಡುವವರು ಇಲ್ಲೇ ಎಡವುವುದು: ರಜೆ ಇದೆ, ಲಿವರ್‌ಪೂಲ್ ಊರಿದೆ, ಪಂದ್ಯವಿಲ್ಲ.

ವೀಸಾದ್ದು ಇನ್ನೊಂದು ಇಕ್ಕಟ್ಟು. ಬ್ರಿಟನ್ನಿನ ವಿಸಿಟರ್ ವೀಸಾಗೆ ಪ್ರಯಾಣಕ್ಕೆ ಮೂರು ತಿಂಗಳಿಗಿಂತ ಮುಂಚೆ ಅರ್ಜಿ ಹಾಕುವ ಹಾಗಿಲ್ಲ. ಡಿಸೆಂಬರ್ ಪಂದ್ಯಕ್ಕೆ ಜುಲೈನಲ್ಲೇ ದುಡ್ಡು ಕಟ್ಟಿದರೆ ವೀಸಾ ಬರುತ್ತದೋ ಇಲ್ಲವೋ ಗೊತ್ತಾಗುವುದು ಅಕ್ಟೋಬರ್ ಹೊತ್ತಿಗೆ. ಪಂದ್ಯದ ಟಿಕೆಟ್ ತೋರಿಸಿದರೆ ವೀಸಾ ಸಲೀಸು ಅನ್ನುವುದು ಸುಳ್ಳು. ಈಗಾಗಲೇ ಎರಡು ವರ್ಷದ ವೀಸಾ ಇರುವವರು, ಅಥವಾ ಅಲ್ಲೇ ಕೆಲಸದಲ್ಲಿರುವ ತಮ್ಮನೋ ಭಾವನೋ ಇದ್ದು ಬೇಕಾದರೆ ಅವರ ಹೆಸರಿಗೆ ಬದಲಾಯಿಸಬಹುದು ಅನ್ನುವವರು ಧೈರ್ಯವಾಗಿ ಮುಂಚೆಯೇ ಕೊಳ್ಳಿ. ಹೆಸರು ಬದಲಾವಣೆ ಆಗುತ್ತದಾ ಅಂತ ಮಾರುವವರನ್ನು ಮೊದಲೇ ಕೇಳಿ. ಹೆಸರು ಅಂದಾಗ ನೆನಪಾಯಿತು, ಇನಿಷಿಯಲ್ ಇಟ್ಟುಕೊಂಡು ಬದುಕುವ ನಮಗೆ ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೂ ಅಪ್ಪನ ಹೆಸರೂ ಸೇರಿ ಉದ್ದವಾಗಿರುತ್ತದೆ. ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಬರೆಯಿರಿ.

ಊಟದ ಬಗ್ಗೆ ಒಂದೇ ಮಾತು, ಮೊದಲೇ ಹೇಳಿ. ಅವರ ವೆಜಿಟೇರಿಯನ್‌ನಲ್ಲಿ ಮೊಟ್ಟೆ ಇರುತ್ತದೆ. ಮೊಟ್ಟೆ ಬೇಡದವರು ವೀಗನ್ ಅಂತ ಬರೆಸುವುದು ಸಲೀಸು, ಬೆಣ್ಣೆ ಮೊಸರು ತಪ್ಪಿಹೋಗುತ್ತದೆ ಅಷ್ಟೆ. ಲಿವರ್‌ಪೂಲ್‌ನ ಮನೆ ಮನೆಯ ಅಡುಗೆ ಸ್ಕೌಸ್ ಅನ್ನುವ ಮಾಂಸ, ಆಲೂಗೆಡ್ಡೆ, ಕ್ಯಾರೆಟ್‌ನ ಗಟ್ಟಿ ಸಾರು. ಮಾಂಸ ಕೊಳ್ಳಲು ಕಾಸಿಲ್ಲದ ಕಾಲದಲ್ಲಿ ಮಾಡುತ್ತಿದ್ದ ಮಾಂಸವಿಲ್ಲದ ಸ್ಕೌಸ್‌ಗೆ ಕುರುಡು ಸ್ಕೌಸ್ ಅಂತ ಹೆಸರು. ಊರಿನಲ್ಲಿ ಸಿಕ್ಕರೆ ತಿನ್ನಿ, ಬಡವರ ಹುಳಿಯ ರುಚಿ ಇದೆ.

ಬಟ್ಟೆಗೆ ಲೌಂಜ್‌ನಿಂದ ಲೌಂಜ್‌ಗೆ ನಿಯಮ ಬೇರೆ. ಕೆಲವು ಕಡೆ ತಂಡದ ಜೆರ್ಸಿಯೂ ನಡೆಯುವುದಿಲ್ಲ, ಕಾಲರ್ ಶರ್ಟ್ ಕೇಳುತ್ತಾರೆ. ಒಂದು ಶರ್ಟ್, ಮೇಲೆ ದಪ್ಪ ಜಾಕೆಟ್, ಕೊರಳಿಗೆ ಕೆಂಪು ಸ್ಕಾರ್ಫ್ ಇದ್ದರೆ ಎಲ್ಲ ಕಡೆ ನಡೆಯುತ್ತದೆ. ಲೌಂಜ್ ಬೆಚ್ಚಗಿರುತ್ತದೆ, ಸೀಟು ಬಯಲಿನಲ್ಲಿರುತ್ತದೆ. ಡಿಸೆಂಬರ್‌ನಲ್ಲಿ ಆ ಗಾಳಿ ಕಿವಿ ಕೊಯ್ಯುತ್ತದೆ.

ಟಿಕೆಟ್ ಈಗ ಫೋನಿಗೇ ಬರುತ್ತದೆ, ಪಂದ್ಯಕ್ಕೆ ಕೆಲವು ದಿನ ಇರುವಾಗ. ಹೋಟೆಲಿನ ವೈಫೈನಲ್ಲೇ ಫೋನಿನ ವ್ಯಾಲೆಟ್ ಆ್ಯಪ್‌ಗೆ ಇಳಿಸಿಕೊಳ್ಳಿ, ಸ್ಟೇಡಿಯಂ ಹತ್ತಿರ ಅಷ್ಟು ಜನ ಒಟ್ಟಿಗೆ ಫೋನ್ ತೆಗೆದಾಗ ನೆಟ್‌ವರ್ಕ್ ನಿಂತೇ ಹೋಗುತ್ತದೆ. ಪವರ್ ಬ್ಯಾಂಕ್ ಜೇಬಿನಲ್ಲಿರಲಿ. ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ. ಲೈಮ್ ಸ್ಟ್ರೀಟ್ ಸ್ಟೇಷನ್ನಿನಿಂದ ಎರಡು ಮೈಲಿ, ಬಸ್ಸಿದೆ, ಆದರೆ ಹೋಗುವಾಗ ನಡೆದೇ ಹೋಗಿ ಅಂತೀನಿ. ಕೊನೆಯ ಅರ್ಧ ಮೈಲಿ ಇಟ್ಟಿಗೆಯ ಸಾಲು ಮನೆಗಳ ನಡುವೆ ಸಾಗುತ್ತದೆ, ಬೀದಿ ತಿರುಗಿದ ಕೂಡಲೇ ಆ ಮನೆಗಳ ತಲೆಯ ಮೇಲೆ ಸ್ಟ್ಯಾಂಡ್ ಎದ್ದು ನಿಂತಿರುತ್ತದೆ. 1989ರಲ್ಲಿ ಶೆಫೀಲ್ಡ್‌ನ ಹಿಲ್ಸ್‌ಬರೋ ಮೈದಾನದ ನೂಕುನುಗ್ಗಲಿನಲ್ಲಿ ಸಿಕ್ಕಿ ಸತ್ತ ಲಿವರ್‌ಪೂಲ್ ಅಭಿಮಾನಿಗಳ ಸ್ಮಾರಕದ ಹತ್ತಿರ ಒಂದು ಕ್ಷಣ ನಿಲ್ಲಿ, 97 ಹೆಸರುಗಳಿವೆ. ಅಲ್ಲಿ ನಗುತ್ತಾ ಸೆಲ್ಫಿ ಬೇಡ.

ಆ ಬೀದಿಗಳ ಜನರ ಬಗ್ಗೆ ಒಂದು ಮಾತು. 2016ರ ಫೆಬ್ರವರಿಯಲ್ಲಿ, ಹೊಸ ಮೇನ್ ಸ್ಟ್ಯಾಂಡ್‌ನಲ್ಲಿ 77 ಪೌಂಡಿನ ಟಿಕೆಟ್ ತರುತ್ತೇವೆ ಅಂತ ಮಾಲೀಕರು ಹೇಳಿದ್ದಕ್ಕೆ, ಸಂಡರ್‌ಲ್ಯಾಂಡ್ ವಿರುದ್ಧದ ಪಂದ್ಯದ 77ನೇ ನಿಮಿಷಕ್ಕೆ ಸುಮಾರು ಹತ್ತು ಸಾವಿರ ಜನ ಎದ್ದು ಹೊರಟೇಬಿಟ್ಟರು. ಆಗ 2-0 ಮುಂದಿದ್ದ ತಂಡ 2-2 ಮಾಡಿಕೊಂಡಿತು, ಕೆಲವೇ ದಿನಗಳಲ್ಲಿ ಮಾಲೀಕರು ಕ್ಷಮೆ ಕೇಳಿ ಆ ಬೆಲೆ ಕೈಬಿಟ್ಟರು. ನಾವು ಹಲವು ಪಟ್ಟು ಕೊಟ್ಟು ಕೂರುತ್ತೇವೆ, ಸರಿ. ಆದರೆ ಪಕ್ಕದವರ ಹತ್ತಿರ ನಿಮ್ಮ ಟಿಕೆಟ್ ಬೆಲೆ ಕೊಚ್ಚಿಕೊಳ್ಳಬೇಡಿ. ಪಂದ್ಯ ನಡೆಯುವಾಗ ವಿಡಿಯೋ ಕಾಲ್ ಕೂಡ ಬೇಡ.

ಲೌಂಜ್ ಬಾಗಿಲು ಪಂದ್ಯಕ್ಕೆ ಗಂಟೆಗಟ್ಟಲೆ ಮುಂಚೆ ತೆರೆಯುತ್ತದೆ, ಊಟ ಆಗಲೇ ಮುಗಿಸಿ. ನಾನು ಬಿಯರ್ ಗ್ಲಾಸ್ ಹಿಡಿದುಕೊಂಡೇ ಸೀಟಿನ ಬಾಗಿಲ ಕಡೆ ಹೆಜ್ಜೆ ಹಾಕಿದೆ. ಬೆಳ್ಳಿ ಕೂದಲಿನ ಸ್ಟೀವರ್ಡ್ ಅಮ್ಮ ಒಬ್ಬರು ಗ್ಲಾಸ್ ಮೇಲೆ ಮೆಲ್ಲಗೆ ಅಂಗೈ ಇಟ್ಟು, "ಲವ್, ಇದು ಇಲ್ಲೇ ಇರಲಿ" ಅಂದರು. ಅಲ್ಲಿ ಎಲ್ಲರೂ ಎಲ್ಲರಿಗೂ ಲವ್ ಅನ್ನುತ್ತಾರೆ, ನಾಚಿಕೊಳ್ಳಬೇಡಿ. 1985ರ ಕಾನೂನಿನ ಪ್ರಕಾರ ಮೈದಾನ ಕಾಣುವ ಜಾಗದಲ್ಲಿ ಪಂದ್ಯದ ಹೊತ್ತು ಮದ್ಯ ಕುಡಿಯುವ ಹಾಗಿಲ್ಲ, ಎಷ್ಟೇ ದುಬಾರಿ ಟಿಕೆಟ್ ಆದರೂ ಅಷ್ಟೇ. ಗ್ಲಾಸ್ ಅಲ್ಲೇ ಬಿಟ್ಟು ಹೊರಗೆ ಬಂದೆ, ಕೂರುವಷ್ಟರಲ್ಲಿ ಇಡೀ ಸ್ಟೇಡಿಯಂ ಸ್ಕಾರ್ಫ್ ಎತ್ತಿ ಹಾಡು ಶುರು ಮಾಡಿತು, ನನ್ನ ಹಿಂದಿನ ಸಾಲು ಪೂರ್ತಿ ಖಾಲಿ. ಅವರಿನ್ನೂ ಒಳಗೆ ಸಿಹಿ ತಿನ್ನುತ್ತಿದ್ದರು! ಆರಂಭಕ್ಕೆ ಹದಿನೈದು ನಿಮಿಷ ಇರುವಾಗಲೇ ಸೀಟಿನಲ್ಲಿರಿ, ಕೇಕ್ ಆಮೇಲೆ ತಿನ್ನಬಹುದು.

ಮುಗಿದ ಮೇಲೆ ಓಡಬೇಡಿ. ಲೌಂಜ್ ಇನ್ನೂ ಸ್ವಲ್ಪ ಹೊತ್ತು ತೆರೆದಿರುತ್ತದೆ, ಅಲ್ಲೇ ಒಂದು ಟೀ ಕುಡಿದರೆ ಬಸ್ಸಿನ ಸಾಲು ಕರಗಿರುತ್ತದೆ. ರಾತ್ರಿ 8ರ ಪಂದ್ಯವಾದರೆ ಮುಗಿಯುವುದು 10ರ ಹತ್ತಿರ, ಆ ಹೊತ್ತಿಗೆ ಲಂಡನ್ ಕಡೆಗೆ ರೈಲು ನಂಬಿಕೊಳ್ಳುವ ಹಾಗಿಲ್ಲ. ಆ ರಾತ್ರಿಗೂ ಲಿವರ್‌ಪೂಲ್‌ನಲ್ಲೇ ರೂಮ್ ಮಾಡಿ, ಟಿಕೆಟ್ ಬುಕ್ ಮಾಡಿದ ದಿನವೇ ಮಾಡಿ, ಪಂದ್ಯದ ವಾರ ಹತ್ತಿರ ಬಂದಂತೆ ಅಲ್ಲಿನ ಹೋಟೆಲ್ ಬೆಲೆಯೂ ಹಾಸ್ಪಿಟಾಲಿಟಿ ಥರ ಏರುತ್ತದೆ.