ಪುಸ್ತಕ ಮುಚ್ಚಿ ಹೇಳುವುದು: ಓದು, ಬರಹ ಕಲಿಸಿದ ನನ್ನ ಅನುಭವ

ನಾನು ಮಲೆನಾಡಿನ ಒಂದು ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ನನ್ನ ಬಿಎ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಿಂದ ಬಂದವರು. ನಾನೂ ಹಾಗೇ ಬಂದವನು. ಬಿಎ ಕನ್ನಡ ಮಾಧ್ಯಮದಲ್ಲಿ ಮುಗಿಸಿ ಎಂಎ ಓದಲು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ ಹೋದಾಗ ಲೈಬ್ರರಿಯಲ್ಲಿ ನನಗೆ ಬೇಕಾದ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಅವುಗಳನ್ನು ಓದಿ, ಅರ್ಥ ಮಾಡಿಕೊಂಡು, ನನ್ನದೇ ಮಾತಿನಲ್ಲಿ ಬರೆಯುವುದನ್ನು ಅಲ್ಲಿ ಕಲಿತೆ. ಅದನ್ನೇ ಈಗ ಮಕ್ಕಳಿಗೆ ಕಲಿಸುತ್ತಿದ್ದೇನೆ.

ಈ ಮಕ್ಕಳಿಗೆ ಓದುವ ಮನಸ್ಸಿಲ್ಲ ಅನ್ನುವ ಮಾತು ಆಗಾಗ ಕೇಳಿಬರುತ್ತದೆ. ನಾನು ಒಪ್ಪುವುದಿಲ್ಲ. ಅವರು ಜಾಸ್ತಿಯೇ ಓದುತ್ತಾರೆ. ಪರೀಕ್ಷೆ ಹತ್ತಿರ ಬಂದರೆ ಒಂದೇ ನೋಟ್ಸನ್ನು ನಾಲ್ಕೈದು ಸಲ ಓದುತ್ತಾರೆ. ಪುಟದ ತುಂಬಾ ಹಳದಿ ಮಾರ್ಕರ್ ಎಳೆಯುತ್ತಾರೆ. ರಾತ್ರಿ ನಿದ್ದೆ ಕೆಡುತ್ತಾರೆ. ಅಷ್ಟು ಕಷ್ಟಪಟ್ಟೂ ಹದಿನೈದು ದಿನ ಬಿಟ್ಟು ಕೇಳಿದರೆ ಏನೂ ನೆನಪಿರುವುದಿಲ್ಲ. ಅವರ ಶ್ರಮದಲ್ಲಿ ಕೊರತೆ ಇಲ್ಲ. ಪುಸ್ತಕ ಮುಚ್ಚಿಟ್ಟು, ಓದಿದ್ದನ್ನು ತಮ್ಮ ಮಾತಿನಲ್ಲಿ ಹೇಳಿ ನೋಡುವ ಅಭ್ಯಾಸವನ್ನು ಯಾರೂ ಮಾಡಿಸಿಲ್ಲ, ಅಷ್ಟೇ.

ನನಗೆ ಈ ಅಭ್ಯಾಸ ಹತ್ತಿದ್ದು ಹಾಸ್ಟೆಲಿನಲ್ಲಿ. ನನ್ನ ರೂಮ್‌ಮೇಟ್ ಭೂಗೋಳ ಓದುತ್ತಿದ್ದ. ರಾತ್ರಿ ಊಟವಾದ ಮೇಲೆ ಅವನು ಆ ದಿನ ಓದಿದ್ದನ್ನು ನನಗೆ ಹೇಳಬೇಕು, ನಾನು ಓದಿದ್ದನ್ನು ಅವನಿಗೆ ಹೇಳಬೇಕು. ಪುಸ್ತಕ ನೋಡುವಂತಿಲ್ಲ. ಕನ್ನಡದಲ್ಲೇ ಹೇಳಬೇಕು. ಅವನಿಗೆ ಅರ್ಥಶಾಸ್ತ್ರ ಗೊತ್ತಿಲ್ಲದ ಕಾರಣ ‘ಬೇಡಿಕೆಯ ಸ್ಥಿತಿಸ್ಥಾಪಕತ್ವ’ ಅಂತ ದೊಡ್ಡ ಪದ ಹೇಳಿ ತಪ್ಪಿಸಿಕೊಳ್ಳಲು ಆಗುತ್ತಿರಲಿಲ್ಲ. ‘ಹಾಗಂದ್ರೇನು?’ ಅಂತ ಕೇಳಿಬಿಡುತ್ತಿದ್ದ. ಆಗ ಉಪ್ಪಿನ ಬೆಲೆ ಏರಿದರೂ ನಾವು ಅಷ್ಟೇ ಉಪ್ಪು ಕೊಳ್ಳುತ್ತೇವೆ, ಸಿನಿಮಾ ಟಿಕೆಟ್ ದುಬಾರಿಯಾದರೆ ಹೋಗುವುದನ್ನೇ ಬಿಡುತ್ತೇವೆ ಅಂತ ಬಿಡಿಸಿ ಹೇಳಬೇಕಾಗುತ್ತಿತ್ತು. ಹಾಗೆ ಹೇಳುತ್ತಿರುವಾಗಲೇ ಎಲ್ಲಿ ಅರ್ಥವಾಗಿದೆ, ಎಲ್ಲಿ ಆಗಿಲ್ಲ ಅನ್ನುವುದು ನನಗೇ ತಿಳಿಯುತ್ತಿತ್ತು. ತಡವರಿಸಿದ ಜಾಗವನ್ನು ಮಾತ್ರ ಮತ್ತೆ ತೆಗೆದು ಓದುತ್ತಿದ್ದೆ.

ಇದರ ಮೇಲೆ ಗಟ್ಟಿ ಸಂಶೋಧನೆ ನಡೆದಿದೆ ಅಂತ ತಿಳಿದದ್ದು ಪಾಠ ಮಾಡಲು ಶುರು ಮಾಡಿದ ಮೇಲೆ. ಅಮೆರಿಕದ ವಾಷಿಂಗ್ಟನ್ ಯೂನಿವರ್ಸಿಟಿಯ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಬರಹವನ್ನು ನಾಲ್ಕು ಅವಧಿ ಓದಿದರು. ಇನ್ನೊಂದು ಗುಂಪಿನವರು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ನೋಡದೆ ನೆನಪು ಮಾಡಿಕೊಂಡು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದಿದ್ದರು. ವಾರ ಬಿಟ್ಟು ಕೇಳಿದಾಗ ಓದಿದವರಿಗೆ ಸುಮಾರು ಶೇ 40, ನೆನಪು ಮಾಡಿಕೊಂಡು ಬರೆದವರಿಗೆ ಸುಮಾರು ಶೇ 61 ನೆನಪಿತ್ತು. ಆ ಐದು ನಿಮಿಷದ ಫಲಿತಾಂಶವನ್ನು ಮಕ್ಕಳಿಗೆ ಒತ್ತಿ ಹೇಳುತ್ತೇನೆ. ಮತ್ತೆ ಮತ್ತೆ ಓದಿದರೆ ಎಲ್ಲಾ ಬರುತ್ತದೆ ಅನ್ನುವ ಧೈರ್ಯ ಮೂಡುವುದು ಅಲ್ಲಿಂದಲೇ. ಪರೀಕ್ಷೆ ಮಾತ್ರ ಐದು ನಿಮಿಷಕ್ಕೆ ಬರುವುದಿಲ್ಲವಲ್ಲ.

ಇನ್ನು ಇಂಗ್ಲಿಷ್ ಪುಟವನ್ನು ಓದುವ ವಿಷಯ. ಮೊದಲ ಸೆಮಿಸ್ಟರ್‌ನವರಿಗೆ ನಾನು ಕೊಡುವುದು ಅರ್ಥಶಾಸ್ತ್ರಜ್ಞ ಆಡಮ್ ಸ್ಮಿತ್ 1776ರ ತನ್ನ ‘ದಿ ವೆಲ್ತ್ ಆಫ್ ನೇಷನ್ಸ್’ ಪುಸ್ತಕದ ಮೊದಲ ಅಧ್ಯಾಯದಲ್ಲಿ ಬರೆದ ಗುಂಡುಸೂಜಿ ಕಾರ್ಖಾನೆಯ ಭಾಗ. ಎರಡೂವರೆ ಶತಮಾನ ಹಳೆಯ ಇಂಗ್ಲಿಷ್, ಒಂದೊಂದು ವಾಕ್ಯವೂ ನಾಲ್ಕೈದು ಸಾಲು. ಮಕ್ಕಳು ಹೆದರುತ್ತಾರೆ. ಆದರೆ ಒಳಗಿರುವುದು ಕಣ್ಣಿಗೆ ಕಟ್ಟುವ ಚಿತ್ರ. ಒಬ್ಬ ತಂತಿ ಎಳೆಯುತ್ತಾನೆ, ಇನ್ನೊಬ್ಬ ನೇರ ಮಾಡುತ್ತಾನೆ, ಮತ್ತೊಬ್ಬ ಕತ್ತರಿಸುತ್ತಾನೆ, ಮಗದೊಬ್ಬ ಮೊನೆ ಮಾಡುತ್ತಾನೆ. ಹೀಗೆ ಸುಮಾರು 18 ಕೆಲಸ. ಹತ್ತು ಜನ ಹಂಚಿಕೊಂಡು ಮಾಡಿದರೆ ದಿನಕ್ಕೆ 48,000 ಸೂಜಿ. ಒಬ್ಬೊಬ್ಬರೇ ಬೇರೆ ಬೇರೆಯಾಗಿ ಮಾಡಿದ್ದರೆ ತಲೆಗೆ ಇಪ್ಪತ್ತೂ ಆಗುತ್ತಿರಲಿಲ್ಲ.

ಓದುವ ಕ್ರಮ ಹೀಗೆ. ಮೊದಲು ಡಿಕ್ಷನರಿ ಮುಟ್ಟದೆ ಒಂದು ಸಲ ಪೂರ್ತಿ ಓದಬೇಕು. ಗೊತ್ತಿಲ್ಲದ ಪದದ ಕೆಳಗೆ ಪೆನ್ಸಿಲಿನಲ್ಲಿ ಚುಕ್ಕೆ ಇಟ್ಟು ಮುಂದೆ ಹೋಗಬೇಕು. ಎರಡನೇ ಸಲ ಪ್ರತಿ ವಾಕ್ಯದಲ್ಲಿ ಯಾರು, ಏನು ಮಾಡಿದರು ಅನ್ನುವ ಎರಡನ್ನು ಮಾತ್ರ ಹುಡುಕಿ ಸುತ್ತು ಹಾಕಬೇಕು. ಮಧ್ಯೆ ಬರುವ ಉಪವಾಕ್ಯಗಳನ್ನು ಸದ್ಯಕ್ಕೆ ಪಕ್ಕಕ್ಕಿಡಬೇಕು. ಐದು ಸಾಲಿನ ವಾಕ್ಯ ಆಗ ಐದಾರು ಪದಕ್ಕೆ ಇಳಿಯುತ್ತದೆ. ಮತ್ತೆ ಮತ್ತೆ ಬರುವ ಚುಕ್ಕೆಯ ಪದಗಳಿಗೆ ಮಾತ್ರ ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್-ಕನ್ನಡ ನಿಘಂಟು ತೆಗೆಯಬೇಕು. ಎಲ್ಲ ಪದಕ್ಕೂ ಅರ್ಥ ನೋಡುತ್ತಾ ಕೂತರೆ ಒಂದು ಪುಟಕ್ಕೆ ಇಡೀ ಸಂಜೆ ಬೇಕು, ಕೊನೆಗೆ ಪುಟದ ಅರ್ಥವೇ ಕೈ ಜಾರಿರುತ್ತದೆ. ಆಮೇಲೆ ಪುಸ್ತಕ ಮುಚ್ಚಿ ಪಕ್ಕದವರಿಗೆ ಕನ್ನಡದಲ್ಲಿ ಹೇಳಬೇಕು.

ಕನ್ನಡದಲ್ಲಿ ಯಾಕೆ, ಇಂಗ್ಲಿಷೇ ಮಾತಾಡಿಸಿ ಅಂತ ಕೆಲವು ಸಹೋದ್ಯೋಗಿಗಳು ಹೇಳುತ್ತಾರೆ. ಇಂಗ್ಲಿಷಿನಲ್ಲಿ ಹೇಳು ಅಂದರೆ ಮಕ್ಕಳು ಪುಟದಲ್ಲಿದ್ದ ಪದಗಳನ್ನೇ ಜೋಡಿಸಿ ಒಪ್ಪಿಸುತ್ತಾರೆ. ಅರ್ಥವಾಗಿದೆಯೋ ಇಲ್ಲವೋ ಅವರಿಗೂ ಗೊತ್ತಾಗುವುದಿಲ್ಲ, ನನಗೂ ಗೊತ್ತಾಗುವುದಿಲ್ಲ. ಮನೆಮಾತಿನಲ್ಲಿ ಹೇಳುವಾಗ ಹಾಗೆ ನಡೆಯುವುದಿಲ್ಲ. ವಿಷಯ ಕನ್ನಡದಲ್ಲಿ ಗಟ್ಟಿಯಾದವರು ಆಮೇಲೆ ಇಂಗ್ಲಿಷಿನಲ್ಲೂ ಬರೆಯುತ್ತಾರೆ. ವರ್ಷ ವರ್ಷವೂ ಇದನ್ನು ನೋಡುತ್ತಿದ್ದೇನೆ.

ಬರವಣಿಗೆ ಶುರುವಾಗುವುದೂ ಅಲ್ಲಿಂದಲೇ. ಶ್ರಮ ವಿಭಜನೆ, ಅಂದರೆ ಸೂಜಿ ಕಾರ್ಖಾನೆಯಲ್ಲಿ ಕಂಡಂಥ ಕೆಲಸದ ಹಂಚಿಕೆ, ಅದರ ಮೇಲೆ ಅಸೈನ್‌ಮೆಂಟ್ ಕೊಟ್ಟರೆ ಮೊದಲಿಗೆ ಬರುವುದು ಗೈಡಿನ ವಾಕ್ಯ: ‘ಶ್ರಮ ವಿಭಜನೆಯು ಆರ್ಥಿಕ ಅಭಿವೃದ್ಧಿಯಲ್ಲಿ ಮಹತ್ವದ ಪಾತ್ರವನ್ನು ವಹಿಸುತ್ತದೆ.’ ಇದರಲ್ಲಿ ತಪ್ಪೇನಿಲ್ಲ, ಹುರುಳೂ ಇಲ್ಲ. ‘ಶ್ರಮ ವಿಭಜನೆ’ ತೆಗೆದು ‘ಬ್ಯಾಂಕ್’ ಅಂತ ಹಾಕಿದರೂ ವಾಕ್ಯ ಹಾಗೇ ನಿಲ್ಲುತ್ತದೆ. ಮಕ್ಕಳಿಗೆ ಈ ಪರೀಕ್ಷೆಯನ್ನೇ ಹೇಳಿಕೊಟ್ಟಿದ್ದೇನೆ: ವಿಷಯದ ಹೆಸರು ಬದಲಾಯಿಸಿದರೂ ನಿಲ್ಲುವ ವಾಕ್ಯವನ್ನು ಹೊಡೆದುಹಾಕಿ. ಆಮೇಲೆ ನಿಮ್ಮ ಮನೆಯ ಅಥವಾ ಊರಿನ ಒಂದು ಉದಾಹರಣೆ ತನ್ನಿ.

ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗಿ ಅಡಿಕೆ ಕೊಯ್ಲಿನ ಬಗ್ಗೆ ಬರೆದು ತಂದಳು. ಕೊನೆಗಾರ ಮರ ಹತ್ತಿ ಕೊನೆ ಇಳಿಸುತ್ತಾನೆ. ಕೆಳಗೆ ಹೊರುವವರು ಬೇರೆ, ಮೆಟ್ಟುಗತ್ತಿಯ ಮೇಲೆ ಕೂತು ಸುಲಿಯುವವರು ಬೇರೆ, ಹಂಡೆಯಲ್ಲಿ ಬೇಯಿಸುವವರು ಬೇರೆ, ಒಣಗಿಸುವವರು ಬೇರೆ. ಕೆಲಸ ಹಂಚಿದರೆ ಉತ್ಪಾದನೆ ಹೆಚ್ಚಲು ಸ್ಮಿತ್ ಮೂರು ಕಾರಣ ಕೊಡುತ್ತಾನೆ: ಕೈ ಪಳಗುವುದು, ಕೆಲಸದಿಂದ ಕೆಲಸಕ್ಕೆ ಹೋಗುವ ಸಮಯ ಉಳಿಯುವುದು, ಯಂತ್ರಗಳು ಹುಟ್ಟುವುದು. ಅವಳು ಮೂರಕ್ಕೂ ತೋಟದಲ್ಲೇ ಉತ್ತರ ಹುಡುಕಿದ್ದಳು. ವರ್ಷಗಟ್ಟಲೆ ಸುಲಿದವರ ಕೈ ಚುರುಕು. ಕೊನೆಗಾರ ಕೆಳಗಿಳಿಯದೆ ಒಂದು ಮರದಿಂದ ಪಕ್ಕದ ಮರಕ್ಕೆ ದಾಟುತ್ತಾನೆ. ಈಗ ಸುಲಿಯುವ ಯಂತ್ರವೂ ಬಂದಿದೆ. ಬರೆಯುತ್ತಾ ಬರೆಯುತ್ತಾ ಅವಳಿಗೆ ಒಂದು ಪ್ರಶ್ನೆಯೂ ಹುಟ್ಟಿತ್ತು: ‘ಸರ್, ನಮ್ಮದು ಅರ್ಧ ಎಕರೆ. ಎಲ್ಲಾ ಕೆಲಸ ಮನೆಯವರೇ ಮಾಡ್ಕೊಳ್ತೀವಿ. ನಮ್ಮಲ್ಲಿ ಯಾಕೆ ಹೀಗೆ ಹಂಚಿಕೊಳ್ಳೋಕೆ ಆಗಲ್ಲ?’

ಸ್ಮಿತ್‌ನ ಮೂರನೇ ಅಧ್ಯಾಯ ಇರುವುದೇ ಅದರ ಬಗ್ಗೆ. ಮಾರುಕಟ್ಟೆ ಎಷ್ಟು ದೊಡ್ಡದೋ ಕೆಲಸದ ಹಂಚಿಕೆ ಅಷ್ಟು ಅಂತ ಅವನು ವಾದಿಸುತ್ತಾನೆ. ಆ ಅಧ್ಯಾಯ ಸಿಲಬಸ್ಸಿನಲ್ಲಿ ಇರಲಿಲ್ಲ. ಅವಳು ತಾನಾಗಿ ಜೆರಾಕ್ಸ್ ಮಾಡಿಸಿಕೊಂಡು ಹೋದಳು. ನನಗೆ ಆ ದಿನ ಆದಷ್ಟು ಖುಷಿ ರಿಸಲ್ಟ್ ಬಂದ ದಿನವೂ ಆಗಿರಲಿಲ್ಲ.

ನೋಟ್ಸ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಅಮೆರಿಕದ ಕಾರ್ನೆಲ್ ಯೂನಿವರ್ಸಿಟಿಯಲ್ಲಿ ವಾಲ್ಟರ್ ಪಾಕ್ ರೂಢಿಗೆ ತಂದ ವಿಧಾನ ನಮ್ಮ ಕ್ಲಾಸಿಗೂ ಹೊಂದುತ್ತದೆ. ಪುಟದ ಎಡಗಡೆ ಒಂದು ಅಗಲವಾದ ಪಟ್ಟಿ ಬಿಡುವುದು, ಬಲಗಡೆ ನೋಟ್ಸ್ ಬರೆಯುವುದು, ಕೆಳಗೆ ಎರಡು ಸಾಲಿನ ಸಾರಾಂಶಕ್ಕೆ ಜಾಗ ಇಡುವುದು. ನಮ್ಮಲ್ಲಿ ಎಷ್ಟೋ ಕಡೆ ನೋಟ್ಸ್ ಡಿಕ್ಟೇಟ್ ಮಾಡುತ್ತಾರೆ, ಬಲಗಡೆಯದು ವಿದ್ಯಾರ್ಥಿಯ ಕೈಯಲ್ಲಿಲ್ಲ. ಎಡಗಡೆಯದು ಅವರದೇ. ಅದೇ ದಿನ ಸಂಜೆ ಪ್ರತಿ ಪ್ಯಾರಾದ ಎದುರು ಒಂದು ಪ್ರಶ್ನೆ ಬರೆಯಿರಿ ಅನ್ನುತ್ತೇನೆ. ಆಮೇಲೆ ಬಲಗಡೆ ಮುಚ್ಚಿ, ಎಡಗಡೆಯ ಪ್ರಶ್ನೆಗೆ ಉತ್ತರ ಹೇಳಿಕೊಳ್ಳುವುದು. ಎರಡು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ, ತಿಂಗಳು ಬಿಟ್ಟು ಒಮ್ಮೆ. ಬಸ್ಸಿನಲ್ಲಿ ಬರುವವರು ಬಸ್ಸಿನಲ್ಲೇ ಮಾಡುತ್ತಾರೆ, ಅದಕ್ಕೆ ಮೇಜು ಕುರ್ಚಿ ಬೇಡ.

ಈಗ ಮೊಬೈಲಿನಲ್ಲಿ ಎಐ ಹತ್ತಿರ ಸಾರಾಂಶ ಕೇಳಿದರೆ ಕ್ಷಣದಲ್ಲಿ ಬರುತ್ತದೆ. ಬೇಡ ಅನ್ನುವುದಿಲ್ಲ. ನೀವು ಮೊದಲು ಮುಚ್ಚಿ ಬರೆಯಿರಿ, ಆಮೇಲೆ ಅದನ್ನು ಕೇಳಿ, ಎರಡನ್ನೂ ಪಕ್ಕದಲ್ಲಿಟ್ಟು ಮೂಲ ಪುಟದೊಂದಿಗೆ ತಾಳೆ ನೋಡಿ ಅನ್ನುತ್ತೇನೆ. ಕ್ರಮ ಉಲ್ಟಾ ಆದರೆ ಯೋಚನೆ ಮಾಡುವ ಕೆಲಸವೇ ತಪ್ಪಿಹೋಗುತ್ತದೆ. ಎಂಎ, ಪಿಎಚ್‌ಡಿ ಕಡೆ ಹೋಗುವವರಿಗೆ ಇನ್ನೊಂದು ಮಾತೂ ಹೇಳುತ್ತೇನೆ. ಕೃತಿಚೌರ್ಯದ ಬಗ್ಗೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲಿ ನಿಯಮ ಮಾಡಿದೆ. ಪ್ರಬಂಧದಲ್ಲಿ ಬೇರೆಯವರ ಬರಹದ ಹೋಲಿಕೆ ಶೇ 10 ದಾಟಿದರೆ ತಿದ್ದಿ ಮತ್ತೆ ಸಲ್ಲಿಸಬೇಕಾಗುತ್ತದೆ, ಶೇ 60 ದಾಟಿದರೆ ನೋಂದಣಿಯೇ ರದ್ದಾಗುತ್ತದೆ. ಬಿಎಯಲ್ಲೇ ಸ್ವಂತ ವಾಕ್ಯ ಕಟ್ಟಲು ಕಲಿತವರಿಗೆ ಅದರ ಭಯ ಇರುವುದಿಲ್ಲ.

ಸೆಮಿಸ್ಟರ್ ಕೊನೆಯ ವಾರಗಳಲ್ಲಿ ನಾನು ಹೊಸ ಪಾಠ ಮಾಡುವುದಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಹಂಚುತ್ತೇನೆ. ಪೂರ್ತಿ ಉತ್ತರ ಬರೆಯಬೇಕಿಲ್ಲ. ಹತ್ತು ಅಂಕದ ಪ್ರಶ್ನೆಗೆ ಮೊದಲು ಒಂದೇ ವಾಕ್ಯದ ಉತ್ತರ, ಅದರ ಕೆಳಗೆ ಮೂರು ಪ್ಯಾರಾಗಳಲ್ಲಿ ಏನೇನು ಬರುತ್ತದೆ ಅನ್ನುವ ಮೂರು ಸಾಲು, ಒಂದು ಸ್ವಂತ ಉದಾಹರಣೆ. ನೋಟ್ಸ್ ಚೀಲದೊಳಗಿರಬೇಕು. ಬರೆದದ್ದನ್ನು ಪಕ್ಕದವರು ಗಟ್ಟಿಯಾಗಿ ಓದಬೇಕು, ಓದುವಾಗ ಎಡವಿದ ವಾಕ್ಯವನ್ನು ಬರೆದವರು ಅಲ್ಲೇ ಎರಡು ತುಂಡು ಮಾಡಬೇಕು. ಒಂದು ಪೀರಿಯಡ್‌ನಲ್ಲಿ ಮೂರು ಪ್ರಶ್ನೆ ಮುಗಿಯುತ್ತವೆ. ನಾಲ್ಕನೆಯದನ್ನು ಅವರು ಕಾರಿಡಾರಿನಲ್ಲಿ ನಿಂತು ಮಾಡಿಕೊಳ್ಳುತ್ತಾರೆ.